ಬೆಣ್ಣೆ ಬಾರದ ಕಡಗೋಲು, ದಿಬ್ಬದೊಳಗಿನ ಜನ

ಪ್ರಶ್ನೆ: ಐರ್ಲೆಂಡಿನ ಹಳ್ಳಿಗರು ‘ಫೇರಿ’ಗಳಿಗೆ ಹೆದರಿ ಹೊಲದ ನಡುವಿನ ಒಂಟಿ ಮುಳ್ಳುಮರವನ್ನು ಕಡಿಯುವುದಿಲ್ಲವೆಂದು ಓದಿದೆ. ಇವರು ಮಕ್ಕಳ ಕಥೆಗಳಲ್ಲಿ ಬರುವ ರೆಕ್ಕೆಯ ಕಿನ್ನರಿಯರೇ? ಮಾಟದ ನಂಬಿಕೆಗೂ ಇವರಿಗೂ ಸಂಬಂಧವಿತ್ತೇ? ದಯವಿಟ್ಟು ವಿವರಿಸಿ.
– ಓದುಗರೊಬ್ಬರು, ಶಿರಸಿ

ಉತ್ತರ: ರೆಕ್ಕೆಯ ಕಿನ್ನರಿಯರಿಗೂ ಇವರಿಗೂ ಬಹಳ ದೂರ. ಐರಿಷ್ ರೈತರ ಫೇರಿಗಳು ನಮ್ಮ ನಿಮ್ಮಂತೆಯೇ ದನ ಸಾಕಿ, ಸಂತೆಗೆ ಹೋಗಿ, ತಮ್ಮತಮ್ಮಲ್ಲೇ ಕಾದಾಡುವ ಜನ. ಹೆಸರು ಹಿಡಿದರೆ ಮುನಿದಾರೆಂದು ಅವರನ್ನು ‘ಒಳ್ಳೆಯ ಜನ’ ಎನ್ನುತ್ತಿದ್ದರು. ಸಾವಿರ ವರ್ಷಗಳಿಗೂ ಹಿಂದಿನ ರೈತಮನೆಗಳ ಸುತ್ತ ಕಟ್ಟಿದ್ದ ಉರುಟಾದ ಮಣ್ಣಿನ ದಿಬ್ಬಗಳು ಅವರ ವಾಸಸ್ಥಾನವೆಂಬ ನಂಬಿಕೆಯಿಂದ ಅವುಗಳ ಮೇಲೆ ನೇಗಿಲು ಹಾಯಿಸುತ್ತಿರಲಿಲ್ಲ. ಅಂಥ ದಿಬ್ಬಗಳು ಇಂದಿಗೂ 40,000ಕ್ಕೂ ಹೆಚ್ಚು ಉಳಿದಿವೆ. ನೀವು ಕೇಳಿದ ಮರ ಹಾಥಾರ್ನ್. 1999ರಲ್ಲಿ ಕ್ಲೇರ್ ಸೀಮೆಯ ಲಟೂನ್‌ನಲ್ಲಿ ಹೆದ್ದಾರಿಗೆ ಅಡ್ಡವಾಗಿದ್ದ ಇಂಥದೊಂದು ಮರವನ್ನು, ಕಥೆಗಾರ ಎಡ್ಡಿ ಲೆನಿಹಾನ್ ದನಿಯೆತ್ತಿದ ಮೇಲೆ, ಕಡಿಯದೆ ಉಳಿಸಿಕೊಳ್ಳಲಾಯಿತು.

ಮಾಟದ ಭಯ ಬೇರೆ ಬಗೆಯದು; ಅದರ ಕೇಂದ್ರ ಬೆಣ್ಣೆ. ಬೆಣ್ಣೆ ಮಾರಿದ ಹಣದಲ್ಲೇ ಅನೇಕ ಬಡ ಗೇಣಿದಾರರು ಗೇಣಿ ಕಟ್ಟಬೇಕಿತ್ತು. ದನಗಳು ಹಸಿರು ಮೇವಿಗೆ ಇಳಿಯುವ ಮೇ ಒಂದರ ನಸುಕಿನಲ್ಲಿ ನೆರೆಯವಳೊಬ್ಬಳು ನಮ್ಮ ಹುಲ್ಲಿನ ಇಬ್ಬನಿಯನ್ನು ಬಟ್ಟೆಯಲ್ಲಿ ಹೀರಿಸಿಕೊಂಡು ಹೋದರೆ, ವರ್ಷವಿಡೀ ನಮ್ಮ ಬೆಣ್ಣೆ ಅವಳ ಗಡಿಗೆಯನ್ನು ಸೇರುತ್ತದೆಂದು ನಂಬಿದ್ದರು. ಆ ದಿನ ಮನೆಯಿಂದ ಬೆಂಕಿ, ಹಾಲು, ಉಪ್ಪು ಯಾವುದನ್ನೂ ಹೊರಗೆ ಕೊಡುತ್ತಿರಲಿಲ್ಲ. ಎತ್ತರದ ಮರದ ಪೀಪಾಯಿಯಲ್ಲಿ ಕೆನೆ ಕಡೆಯುವಾಗ ಅದರಡಿ ಒಂದು ಕೆಂಡವನ್ನೋ ಕುದುರೆ ಲಾಳವನ್ನೋ ಇಡುತ್ತಿದ್ದರು. ಒಳಬಂದವರು ಯಾರೇ ಆಗಲಿ, ‘ದೇವರು ಈ ಕೆಲಸವನ್ನು ಹರಸಲಿ’ ಎಂದು ಕಡಗೋಲಿಗೆ ನಾಲ್ಕು ಪೆಟ್ಟು ಹಾಕಿಯೇ ಹೋಗಬೇಕಿತ್ತು. ಸುಮ್ಮನೆ ಚುಟ್ಟಾ ಕೊಳವಿಗೆ ಕೆಂಡ ಕೇಳಿಕೊಂಡು ಹೊರಟವರ ಮೇಲೆ ಅನುಮಾನ ತಪ್ಪಿದ್ದಲ್ಲ. ಕೆನೆ ತುಸು ತಣ್ಣಗಿದ್ದರೂ ಬಿಸಿಯಾಗಿದ್ದರೂ ಬೆಣ್ಣೆ ಕೂಡುವುದಿಲ್ಲವೆಂಬುದು ನಿಜವಾದರೂ, ಗೇಣಿಯ ದಿನ ಹತ್ತಿರ ಬಂದಿರುವ ಮನೆಯಲ್ಲಿ ಆ ವಿವರಣೆ ಯಾರಿಗೂ ಸಮಾಧಾನ ತರುತ್ತಿರಲಿಲ್ಲ.

ಯುರೋಪಿನ ಇತರ ಕಡೆಗಳಿಗೆ ಹೋಲಿಸಿದರೆ ಐರ್ಲೆಂಡಿನಲ್ಲಿ ಮಾಟದ ವಿಚಾರಣೆಗಳು ತೀರಾ ಕಡಿಮೆ. ದಿಢೀರನೆ ಬಂದ ಕಾಯಿಲೆಯ ಹೊಣೆ ಹೆಚ್ಚಾಗಿ ಫೇರಿಗಳ ಮೇಲೆ ಬೀಳುತ್ತಿದ್ದುದೂ ಇದಕ್ಕೆ ಕಾರಣವಿರಬಹುದೆಂದು ನನಗನಿಸುತ್ತದೆ. ಹಾಗೆಂದು ಈ ನಂಬಿಕೆಯನ್ನು ನಿರಪಾಯವೆಂದು ತಿಳಿಯುವಂತಿಲ್ಲ. ಆರೋಗ್ಯವಂತರನ್ನು ಫೇರಿಗಳು ಒಯ್ದು, ಅದೇ ರೂಪದ ಬದಲಿಯೊಂದನ್ನು ಹಾಸಿಗೆಯಲ್ಲಿ ಬಿಡುತ್ತವೆಂದು ಜನ ನಂಬಿದ್ದರು. 1895ರ ಮಾರ್ಚ್‌ನಲ್ಲಿ ಟಿಪ್ಪರರಿ ಸೀಮೆಯ ಬ್ಯಾಲಿವಾಡ್ಲಿಯಲ್ಲಿ ಉಡುಪು ಹೊಲಿದು, ಕೋಳಿ ಸಾಕಿ ಸಂಪಾದಿಸುತ್ತಿದ್ದ ಬ್ರಿಜೆಟ್ ಕ್ಲಿಯರಿ ಕಾಯಿಲೆ ಬಿದ್ದಾಗ ಗಂಡ ಮೈಕೆಲ್, ಇವಳು ತನ್ನ ಹೆಂಡತಿಯೇ ಅಲ್ಲ ಎಂದ. ನೆಂಟರು ಅವಳನ್ನು ಅದುಮಿ ಹಿಡಿದು ಹಾಲಿನಲ್ಲಿ ಕುದಿಸಿದ ಸೊಪ್ಪನ್ನು ಕುಡಿಸಿದರು. ಹೆಸರು ಹೇಳೆಂದು ಮತ್ತೆ ಮತ್ತೆ ಕೇಳಿದರು. ಅವಳು ಹೇಳಿದಳು, ಆದರೂ ಅವನು ನಂಬಲಿಲ್ಲ. ಅವಳನ್ನು ಸುಟ್ಟು ಕೊಂದವನಿಗೆ ಕೊಲೆಯಲ್ಲದ ನರಹತ್ಯೆಗಾಗಿ 20 ವರ್ಷಗಳ ಶಿಕ್ಷೆಯಾಯಿತು. ಹೆಣವನ್ನು ಹೂತ ಮೇಲೂ ಅವನು ಹತ್ತಿರದ ದಿಬ್ಬಕ್ಕೆ ಹೋಗಿ, ನಿಜವಾದ ಬ್ರಿಜೆಟ್ ಬಿಳಿ ಕುದುರೆಯ ಮೇಲೆ ಬರುವಳೆಂದು ರಾತ್ರಿಯೆಲ್ಲ ಕಾದಿದ್ದ. ಅವಳನ್ನು ಬಿಡಿಸಿಕೊಳ್ಳಲೆಂದು ಅವನ ಕೈಯಲ್ಲಿದ್ದುದು, ಫೇರಿಗಳನ್ನು ದೂರವಿಡುತ್ತದೆಂದು ಜನ ನಂಬಿದ್ದ ಕರಿ ಹಿಡಿಯ ಚೂರಿ.