ಹಳೇ ಡೀಸೆಲ್ ಕೋಂಬಿ, ಆಟೋಮ್ಯಾಟಿಕ್ ಗೇರ್: ಯಾವಾಗಲೂ ಇಕೋ ಮೋಡ್‌ನಲ್ಲೇ ಇಟ್ಟರೆ ಮೈಲೇಜ್ ಜಾಸ್ತಿ ಬರುತ್ತದಾ?

2015ರ ಡೀಸೆಲ್ ಕೋಂಬಿ (ಹಿಂದೆ ಉದ್ದ ಡಿಕ್ಕಿ ಇರುವ ಸ್ಟೇಷನ್ ವ್ಯಾಗನ್), ಎರಡು ಲೀಟರ್ ಎಂಜಿನ್, ಡಬಲ್ ಕ್ಲಚ್ ಆಟೋಮ್ಯಾಟಿಕ್, ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತಿದ್ದೀರಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮನೆ, ಆಫೀಸಿಗೆ ಏಳು ಕಿಲೋಮೀಟರ್. ತಗೊಂಡ ಮೇಲೆ ಡೀಸೆಲ್ ಉಳಿಸುವ ಇಕೋ ಬಿಟ್ಟು ಬೇರೆ ಮೋಡ್ ಮುಟ್ಟಲ್ಲ, S ಅಂದರೆ ಸ್ಪೋರ್ಟ್ ಮೋಡ್ ಕಡೆಗಂತೂ ಹೋಗಲ್ಲ ಅಂತ ಬರೆದಿದ್ದೀರಿ. ಅದನ್ನು ಓದುತ್ತಾ ನನ್ನದೇ ಕತೆ ಕಣ್ಣಮುಂದೆ ಬಂತು.

ನಾನೂ ಇದೇ ಊರಿನ ಪಕ್ಕದಲ್ಲೇ ಇರುವುದು. ನಾನೂ ಕೋಂಬಿಯನ್ನೇ ತಗೊಂಡೆ. ಡಿಕ್ಕಿ ದೊಡ್ಡದು, ಮಗುವಿನ ಗಾಡಿ, ಇಂಡಿಯನ್ ಅಂಗಡಿಯ ಅಕ್ಕಿ ಮೂಟೆ, ಊರಿಂದ ಅಪ್ಪ ಅಮ್ಮ ಬಂದಾಗ ಅವರ ಸೂಟ್‌ಕೇಸು ಎಲ್ಲ ಹಿಡಿಸುತ್ತಿತ್ತು. ಇಕೋ ಹಾಕಿದರೆ ಗೇರ್‌ಬಾಕ್ಸ್ ಬೇಗಬೇಗ ಮೇಲಿನ ಗೇರಿಗೆ ಹೋಗುತ್ತದೆ. 50ರ ವೇಗಕ್ಕೆಲ್ಲ ಎಂಜಿನ್ 1,200–1,300 ಆರ್‌ಪಿಎಂನಲ್ಲಿ ಇರುತ್ತದೆ. ಆಕ್ಸಿಲರೇಟರ್ ಒತ್ತಿದರೂ ಕಾರು ನಿಧಾನಕ್ಕೆ ಏಳುತ್ತದೆ, ಎಸಿ ಕೂಡ ಸ್ವಲ್ಪ ಮಂದ. ಇದೆಲ್ಲ ಸೇರಿ ಡೀಸೆಲ್ ಉಳಿಯುತ್ತಿದೆ ಅಂತ ನಂಬಿದ್ದೆ.

ಹಾಳಾಗಿದ್ದು ಎಲ್ಲಿ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕಂದ್ರೆ ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಡೀಸೆಲ್ ಕಾರಿನ ಹೊಗೆ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇದೆ, ಮಸಿ ಹಿಡಿಯುವುದಕ್ಕೆ. ಅದು ತುಂಬುತ್ತಾ ಬಂದಾಗ ಕಾರು ತಾನಾಗಿಯೇ ಆ ಮಸಿಯನ್ನು ಸುಡುತ್ತದೆ. ಅದಕ್ಕೆ ಫಿಲ್ಟರ್ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಆ ಬಿಸಿಗೋಸ್ಕರ ಎಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಸಿಂಪಡಿಸಿಕೊಳ್ಳುತ್ತದೆ. ಆಗ ಡಿಸ್‌ಪ್ಲೇಯಲ್ಲಿ ಆ ಕ್ಷಣದ ಬಳಕೆ ಇದ್ದಕ್ಕಿದ್ದಂತೆ ಏರುತ್ತದೆ. ನಾನು ಆ ಅಂಕಿ ನೋಡಿ, ನನ್ನ ಕಾಲು ಭಾರ ಆಯಿತು ಅಂದುಕೊಂಡು ಆಕ್ಸಿಲರೇಟರ್ ಇನ್ನೂ ಹಗುರ ಮಾಡುತ್ತಿದ್ದೆ. ಇಕೋ ಮೋಡ್ ಇನ್ನೂ ಮೇಲಿನ ಗೇರ್ ಹಾಕುತ್ತಿತ್ತು, ಎಂಜಿನ್ ತಣ್ಣಗೆ ನಿಧಾನವಾಗಿ ಓಡುತ್ತಿತ್ತು, ಫಿಲ್ಟರಿಗೆ ಬಿಸಿ ಸಾಲುತ್ತಿರಲಿಲ್ಲ, ಸುಡುವ ಕೆಲಸ ಎಳೆದುಕೊಂಡು ಹೋಗುತ್ತಿತ್ತು, ಅಷ್ಟೊತ್ತೂ ಹೆಚ್ಚುವರಿ ಡೀಸೆಲ್ ಹೋಗುತ್ತಲೇ ಇತ್ತು. ಹಸಿ ಸೌದೆ ಹಾಕಿದ ಒಲೆ ಉರಿಯದೆ ಬರೀ ಹೊಗೆಯಾಡುವ ಹಾಗೆ. ಅಷ್ಟರಲ್ಲಿ ಮನೆ ಬಂದುಬಿಡುತ್ತಿತ್ತು. ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಕಾದ ಕಬ್ಬಿಣದಂಥ ವಾಸನೆ ಬರುತ್ತಿತ್ತು. ಬಿಸಿಯಾಗಿದೆ, ತಣ್ಣಗಾಗಲಿ ಅಂತ ಬಾಗಿಲು ಹಾಕಿ ಮೇಲೆ ಹೋಗುತ್ತಿದ್ದೆ. ಮಸಿ ಸುಡುವ ಕೆಲಸ ಅರ್ಧ ಆಗಿರುವಾಗಲೇ ನಾನು ನಿಲ್ಲಿಸುತ್ತಿದ್ದೆ. ಮತ್ತೆ ಹೊರಟಾಗ ಅದು ಮತ್ತೆ ಶುರು ಮಾಡುತ್ತಿತ್ತು, ಮತ್ತೆ ಏಳೆಂಟು ಕಿಲೋಮೀಟರ್, ಮತ್ತೆ ಆಫ್.

ಚಳಿಗಾಲದಲ್ಲಿ ಡಿಪಿಎಫ್ ದೀಪ ಹತ್ತಿತು. ಆಮೇಲೆ ಎ8 ಹೈವೇಯಲ್ಲಿ ಉಲ್ಮ್ ಊರಿನ ಕಡೆ ಆಲ್ಬ್ ಬೆಟ್ಟದ ಏರಿನಲ್ಲಿ, ಮನೆಯವರೆಲ್ಲ ಒಳಗಿರುವಾಗ, ಕಾರು ಎಳೆಯುವುದನ್ನೇ ಕಡಿಮೆ ಮಾಡಿತು. ಲಾರಿಗಳ ಸಾಲಿನಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ಹತ್ತಿದೆವು. ಗ್ಯಾರೇಜಿನವರು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎತ್ತಿ ತೋರಿಸಿದರು. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ಸುಡಲು ಸಿಂಪಡಿಸಿದ ಡೀಸೆಲ್ಲಿನಲ್ಲಿ ಒಂದು ಭಾಗ ಸಿಲಿಂಡರ್ ಗೋಡೆ ಹಿಡಿದು ಎಂಜಿನ್ ಆಯಿಲ್‌ಗೆ ಇಳಿದಿತ್ತು. ಆಯಿಲ್ ಬದಲಿಸಿ, ಫಿಲ್ಟರ್ ಬಿಚ್ಚಿ ತೊಳೆಸಿ, ಬಿಲ್ಲು ಸಾವಿರ ಯೂರೋ ದಾಟಿತು. ಇಕೋ ಮೋಡ್ ಎಷ್ಟು ಉಳಿಸಿದ್ದರೂ ಆ ಒಂದು ಬಿಲ್ಲಿಗೆ ಸಮ ಆಗುವುದಿಲ್ಲ.

S ಮೋಡ್ ಮುಟ್ಟಬಾರದು ಅಂತೀರಲ್ವಾ, ಆ ದೀಪ ಹತ್ತಿದಾಗ ಹಲವು ಕಾರುಗಳ ಕೈಪಿಡಿ ಹೇಳುವುದೇ ಅದನ್ನು: ಕೆಳಗಿನ ಗೇರ್, ಸುಮಾರು 2,000 ಆರ್‌ಪಿಎಂ, 60ಕ್ಕಿಂತ ಮೇಲಿನ ವೇಗದಲ್ಲಿ ನಿಲ್ಲಿಸದೆ ಕಾಲು ಗಂಟೆ ಓಡಿಸಿ ಅಂತ. S ಗೇರ್‌ಬಾಕ್ಸನ್ನು ಹಾಳು ಮಾಡುವುದಿಲ್ಲ, ಗೇರ್ ಬದಲಾಯಿಸುವುದನ್ನು ತಡ ಮಾಡುತ್ತದೆ ಅಷ್ಟೇ. ದಿನವೂ ಬೇಡ. ಆದರೆ ಬೇಕಾದಾಗ ಹಿಂಜರಿಯಬೇಡಿ. ಉಳಿದಂತೆ ಸುಮ್ನೆ D, ಅಂದರೆ ಮಾಮೂಲಿ ಡ್ರೈವ್ ಮೋಡ್, ಸಾಕು.

ಇಕೋದಲ್ಲಿ ಇನ್ನೊಂದು ವಿಷಯ ಇದೆ. ಕಾಲು ತೆಗೆದ ಕೂಡಲೇ ಕೆಲವು ಕಾರುಗಳಲ್ಲಿ ಕ್ಲಚ್ ಬಿಟ್ಟುಕೊಂಡು ಕಾರು ತೇಲಿದ ಹಾಗೆ ಓಡುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಒಳ್ಳೆಯದೇ. ಇಳಿಜಾರಿನಲ್ಲಿ ಅಲ್ಲ. ನಮ್ಮ ಕಡೆ ಶಿರಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಅಂತ ಹೇಳುತ್ತಿದ್ದರು ನೋಡಿ, ಈಗಿನ ಎಂಜಿನ್‌ಗಳಲ್ಲಿ ಅದು ಉಲ್ಟಾ. ಗೇರಿನಲ್ಲಿದ್ದು ಕಾಲು ತೆಗೆದರೆ ಡೀಸೆಲ್ ಸಿಂಪಡಣೆ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದೇ ಇರಲು ಡೀಸೆಲ್ ಬೇಕೇ ಬೇಕು, ಜೊತೆಗೆ ಬ್ರೇಕೂ ಸವೆಯುತ್ತದೆ. ಸ್ಟುಟ್‌ಗಾರ್ಟ್ ಇರುವುದೇ ಬಟ್ಟಲಿನಂಥ ತಗ್ಗಿನಲ್ಲಿ, ಹೆಚ್ಚಿನ ಕಡೆಗಳಿಂದ ಬಂದರೆ ಇಳಿಜಾರು. ಅಲ್ಲಿ D.

ಮೈಲೇಜ್ ನಿಜವಾಗಿ ಹೋಗುವುದು ವೇಗದಲ್ಲಿ. 110ರಲ್ಲಿ ಇರುವುದಕ್ಕಿಂತ 130ರಲ್ಲಿ ಗಾಳಿಯ ತಡೆ ಸುಮಾರು 40 ಪರ್ಸೆಂಟ್ ಜಾಸ್ತಿ, ಯಾವ ಮೋಡ್ ಕೂಡ ಇದನ್ನು ತಪ್ಪಿಸಲಾರದು. ತಲೆ ಮೇಲೆ ರೂಫ್ ಬಾಕ್ಸ್ ಕಟ್ಟಿಕೊಂಡೇ ವರ್ಷವಿಡೀ ಓಡಾಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮಾರುವವರು ತೋರಿಸುವ ಹಳೇ ಬ್ರೋಷರ್‌ನ ಅಂಕಿಯನ್ನೂ ನಂಬಬೇಡಿ. 2017ಕ್ಕೆ ಮೊದಲಿನ ಅಂಕಿಗಳು ಹಳೇ ಪರೀಕ್ಷಾ ಪದ್ಧತಿಯವು, ರಸ್ತೆಯ ಮೇಲೆ ಅಷ್ಟು ಬರುವುದಿಲ್ಲ. ನೂರು ಕಿಲೋಮೀಟರಿಗೆ 5.5 ಲೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 18, 7.5 ಲೀಟರ್ ಅಂದರೆ 13. ನನ್ನ ಕಾರು ಹೈವೇಯಲ್ಲಿ ಮೊದಲನೆಯದರ ಹತ್ತಿರ, ಊರೊಳಗೆ ಎರಡನೆಯದರ ಹತ್ತಿರ.

ಹಾಗಾಗಿ ಯಾವ ಮೋಡ್ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏಳು ಕಿಲೋಮೀಟರ್ ಆಫೀಸಿಗೆ ಡೀಸೆಲ್ ತಗೊಳ್ಳಲೇಬೇಡಿ. ಜರ್ಮನಿಯಲ್ಲಿ ವಾರ್ಷಿಕ ತೆರಿಗೆ ಪ್ರತಿ 100 ಸಿಸಿಗೆ ಡೀಸೆಲ್ಲಿಗೆ 9.50 ಯೂರೋ, ಪೆಟ್ರೋಲಿಗೆ 2 ಯೂರೋ. ಎರಡು ಲೀಟರ್ ಎಂಜಿನ್ನಿಗೆ 190 ಮತ್ತು 40, ಸಿಒ2 ಲೆಕ್ಕ ಬೇರೆ. ಪೆಟ್ರೋಲ್ ಕೋಂಬಿಗೂ ಅದೇ ಡಿಕ್ಕಿ ಇರುತ್ತದೆ.

ವಾರಕ್ಕೊಂದು ಸಲವಾದರೂ ಅರ್ಧ ಗಂಟೆ ಆಟೋಬಾನ್‌ನಲ್ಲಿ ಓಡಿಸುವುದು ಗ್ಯಾರಂಟಿ ಅಂದರೆ ಮಾತ್ರ ಡೀಸೆಲ್. ಆಗಲೂ ನಿಂತಾಗ ಎಂಜಿನ್ ಐಡ್ಲಿಂಗ್ 1,000 ಆರ್‌ಪಿಎಂಗೆ ಏರಿದರೆ, ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆರಿಸುವ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದಿದ್ದರೆ, ಫಿಲ್ಟರ್ ಮಸಿ ಸುಡುತ್ತಿರಬಹುದು, ಮನೆ ಬಂದರೂ ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹೋಗಿ ಬನ್ನಿ. ನೋಂದಣಿ ಪತ್ರದಲ್ಲಿ ಯೂರೋ 6 (ಹೊಗೆ ಮಾಲಿನ್ಯದ ಮಿತಿಯ ದರ್ಜೆ) ಇದೆಯಾ ನೋಡಿ. ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದದ್ದು 2015ರ ಸೆಪ್ಟೆಂಬರ್‌ನಲ್ಲಿ, ಅದಕ್ಕೆ ಮೊದಲಿನದು ಯೂರೋ 5 ಇರಬಹುದು. ಸ್ಟುಟ್‌ಗಾರ್ಟ್ 2019ರಲ್ಲಿ ಯೂರೋ 4 ಡೀಸೆಲ್ ತಡೆದು, ಮರುವರ್ಷ ಕೆಲವು ಭಾಗಗಳಲ್ಲಿ ಯೂರೋ 5ಕ್ಕೂ ಕೈ ಹಾಕಿದ ಊರು. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ರಸೀದಿ ಕೇಳಿ. ಫೋಕ್ಸ್‌ವ್ಯಾಗನ್ ಬಳಗದ ಆರು ಗೇರಿನ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿನ ಡಿಎಸ್‌ಜಿಗೆ (ಅವರ ಡಬಲ್ ಕ್ಲಚ್ ಗೇರ್‌ಬಾಕ್ಸಿನ ಹೆಸರು) 60,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು. ರಸೀದಿ ಇಲ್ಲ ಅಂದರೆ ಆ ಖರ್ಚು ಕಳೆದು ಬೆಲೆ ಹೇಳಿ. ಮಾಡೆಲ್ಲು, ಎಷ್ಟು ಕಿಲೋಮೀಟರ್ ಓಡಿದೆ ಅಂತ ಬರೆದರೆ ನನಗೆ ಗೊತ್ತಿರುವಷ್ಟು ನೋಡಿ ಹೇಳುತ್ತೇನೆ.