ಓಪನಿಂಗ್ (ಆಟದ ಆರಂಭದ ನಡೆಗಳು) ಉರು ಹೊಡೆಯದೆ, ಬರೀ ಆಡುತ್ತಲೇ ಚೆಸ್‌ನಲ್ಲಿ ಸುಧಾರಿಸಬಹುದೇ?

ಸುಧಾರಿಸಬಹುದು, ಆದರೆ ಮೂರು ನಿಮಿಷದ ಬ್ಲಿಟ್ಜ್ ಎಂಬ ವೇಗದ ಆಟವೊಂದನ್ನೇ ಆಡುತ್ತಿದ್ದರೆ ಕಷ್ಟ. ಅಲ್ಲಿ ಹಳೇ ಅಭ್ಯಾಸವೇ ಗಟ್ಟಿಯಾಗುತ್ತದೆ, ಯೋಚಿಸಲು ಪುರಸೊತ್ತೇ ಇರುವುದಿಲ್ಲ. ತಲಾ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರ್ಪಡೆ ಇರುವ ಆಟ ಆಡಿ. ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ಇದು ಉಚಿತ, ಜಾಹೀರಾತಿನ ಕಾಟವೂ ಇಲ್ಲ.

ಹೊಸಬರು ಸೋಲುವುದು ಓಪನಿಂಗ್ ಗೊತ್ತಿಲ್ಲದೆ ಅಲ್ಲ, ಕಾಯಿಯನ್ನು ಪುಕ್ಕಟೆ ಬಿಟ್ಟುಕೊಟ್ಟು. ಎದುರಾಳಿ ನಡೆ ಇಟ್ಟ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಾಯಿ ಈಗ ಯಾವ್ಯಾವ ಮನೆಯ ಮೇಲೆ ಕಣ್ಣಿಟ್ಟಿದೆ? ಎಲ್ಲರೂ ಒಮ್ಮೆ ಬೀಳುವ ಹಳ್ಳ ನೋಡಿ. (ಮನೆಯ ಹೆಸರಿನಲ್ಲಿ ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು.) ಬಿಳಿ ಕಾಲಾಳು ಇ4ಕ್ಕೆ, ಕಪ್ಪು ಕಾಲಾಳು ಇ5ಕ್ಕೆ. ಬಿಳಿ ರಾಣಿ ಎಚ್5ಕ್ಕೆ ಬರುತ್ತದೆ, ಇ5ರ ಕಾಲಾಳನ್ನು ಕಾಯಲು ಕಪ್ಪು ಕುದುರೆ ಸಿ6ಕ್ಕೆ. ಬಿಳಿ ಒಂಟೆ ಸಿ4ಕ್ಕೆ. ಈಗ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ಹಾಕಿ ರಾಣಿಯನ್ನು ಅಟ್ಟೋಣ ಅನ್ನಿಸುತ್ತದೆ. ಹಾಕಿದಿರೋ, ರಾಣಿ ಎಫ್7ರ ಕಾಲಾಳನ್ನು ಹೊಡೆದು ಮೇಟ್, ಅಂದರೆ ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ, ಆಟ ಮುಗಿಯಿತು. ಸಿ4ರ ಒಂಟೆಯ ಕಾವಲಿರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ. ಮೊದಲು ಕಾಲಾಳನ್ನು ಜಿ6ಕ್ಕೆ ಆಡಿ. ರಾಣಿ ಎಫ್3ಕ್ಕೆ ಸರಿದು ಮತ್ತೆ ಎಫ್7 ಮೇಲೆ ಗುರಿಯಿಟ್ಟರೆ ಆಗ ಕುದುರೆ ಎಫ್6ಕ್ಕೆ ಬರಲಿ. ಅದೇ ನಡೆ, ಒಂದು ಹೆಜ್ಜೆ ತಡವಾಗಿ, ಸರಿಯಾದ ನಡೆ.

ಸೋತ ಆಟವನ್ನು ಐದೇ ನಿಮಿಷ ತಿರುವಿ ನೋಡಿ. ಎಂಜಿನ್ (ಒಳ್ಳೆಯ ನಡೆ ಲೆಕ್ಕ ಹಾಕಿ ಹೇಳುವ ಚೆಸ್ ತಂತ್ರಾಂಶ) ಆನ್ ಮಾಡುವ ಮೊದಲು, ಆಟ ಎಲ್ಲಿ ಕೈತಪ್ಪಿತು ಎಂದು ನೀವೇ ಊಹಿಸಿ, ಆಮೇಲೆ ತಾಳೆ ನೋಡಿ. ನೇರ ಎಂಜಿನ್‌ಗೆ ಹೋದರೆ ಉತ್ತರ ಸಿಗುತ್ತದೆ, ಕಾರಣ ತಲೆಗೆ ಇಳಿಯುವುದಿಲ್ಲ. ಪಜಲ್‌ಗಳಲ್ಲೂ ಅಷ್ಟೇ: ಒಂದೆರಡು ನಡೆಯಲ್ಲಿ ಮೇಟ್ ಆಗುವಂಥವು ದಿನಕ್ಕೆ ಹತ್ತು ಸಾಕು, ಆದರೆ ಎದುರಾಳಿಯ ಉತ್ತರ ಕಾಣುವವರೆಗೆ ಕಾಯಿ ಮುಟ್ಟಬೇಡಿ.

ಕೊನೆಯಾಟದಲ್ಲಿ ರಾಜ-ರಾಣಿ ಸೇರಿ ಒಂಟಿ ರಾಜನಿಗೆ ಮೇಟ್ ಕೊಡುವುದನ್ನಂತೂ ಕಂಪ್ಯೂಟರ್ ಎದುರು ಅಭ್ಯಾಸ ಮಾಡಿ. ಎದುರಾಳಿಯ ರಾಜ ಎಚ್8ರ ಮೂಲೆಯಲ್ಲಿದ್ದು, ಅವನದೇ ಸರದಿ ಇದ್ದು, ನಿಮ್ಮ ರಾಣಿ ಜಿ6ರಲ್ಲಿ ನಿಂತರೆ ಸ್ಟೇಲ್‌ಮೇಟ್ (ರಾಜನಿಗೆ ಚೆಕ್ ಇಲ್ಲ, ಆದರೆ ಆಡಲು ನಡೆಯೂ ಇಲ್ಲ), ಗೆದ್ದ ಆಟ ಡ್ರಾ. ಮೂಲೆಯ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ರಾಣಿಯನ್ನು ಇಡಬೇಡಿ.

ಓಪನಿಂಗ್‌ಗೆ ಕುದುರೆ-ಒಂಟೆಗಳನ್ನು ಬೇಗ ಹೊರತೆಗೆದು ಕ್ಯಾಸಲ್ ಮಾಡಿದರೆ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರ ಮಾಡಿದರೆ) ಸದ್ಯಕ್ಕೆ ಧಾರಾಳವಾಯಿತು. ಬಾಯಿಪಾಠದ ಹೆಸರೆತ್ತಿದರೇ ತಲೆನೋವಾದರೆ ಚೆಸ್960 ಆಡಿ. ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಶರ್ 1996ರಲ್ಲಿ ಪ್ರಕಟಿಸಿದ ಈ ಬಗೆಯಲ್ಲಿ ಹಿಂದಿನ ಸಾಲಿನ ಕಾಯಿಗಳು 960 ವಿನ್ಯಾಸಗಳಲ್ಲಿ ಯಾವುದಾದರೂ ಒಂದರಂತೆ ಕೂರುತ್ತವೆ, ಹಾಗಾಗಿ ಉರು ಹೊಡೆದವರಿಗೂ ಉಪಯೋಗವಿಲ್ಲ. ಕ್ಯಾಸಲಿಂಗ್ ಮಾತ್ರ ಮೊದಲ ಸಲ ಗೊಂದಲ ಎನಿಸುತ್ತದೆ: ರಾಜ, ಆನೆ ಎಲ್ಲಿಂದಲೇ ಹೊರಡಲಿ, ಕೊನೆಗೆ ನಿಲ್ಲುವುದು ಮಾಮೂಲಿ ಆಟದಲ್ಲಿ ಕ್ಯಾಸಲ್ ಮಾಡಿದಾಗ ನಿಲ್ಲುವ ಮನೆಗಳಲ್ಲೇ.