ಐಸ್‌ಕ್ರೀಮ್ ಕೇಕ್‌ನಲ್ಲಿ ಸ್ಪಂಜ್ ಬಿಗಿಯುವುದು, ಐಸ್‌ಕ್ರೀಮ್ ತರಿತರಿಯಾಗುವುದು ಏಕೆ?

ನೀವು ಹೇಳಿರುವ ತೊಂದರೆ ಎರಡು. ಬೆಣ್ಣೆ ಹಾಕಿ ಮಾಡಿದ ಸ್ಪಂಜಿಗೆ, ಅಂದರೆ ಮೆತ್ತಗಿರಬೇಕಾದ ಕೇಕಿನ ಪದರಕ್ಕೆ, ಫ್ರೀಜರ್‌ನಿಂದ ತೆಗೆದಾಗ ಚಾಕು ಇಳಿಯಲಿಲ್ಲ. ನಡುವಿನ ಐಸ್‌ಕ್ರೀಮ್ ಬಾಯಿಗೆ ತರಿತರಿಯಾಗಿ ಸಿಕ್ಕಿತು. ಮನೆಯಲ್ಲಿ ಓವನ್ ಇಲ್ಲ, ಇರುವುದು ಸಿಂಗಲ್ ಡೋರ್ ಫ್ರಿಜ್ ಅಂತಲೂ ಬರೆದಿದ್ದೀರಿ. ಓವನ್ ಇಲ್ಲದಿದ್ದರೆ ನಷ್ಟವೇನಿಲ್ಲ. ಯೋಚಿಸಬೇಕಾದ್ದು ಫ್ರೀಜರ್ ಬಗ್ಗೆ.

ಐಸ್‌ಕ್ರೀಮ್ ಕೇಕಿಗೆ ಮೈನಸ್ 18 ಡಿಗ್ರಿ ಬೇಕು. ಹಿಂದಿನ ರಾತ್ರಿ ಹೊಸ ಪ್ಯಾಕ್ ಐಸ್‌ಕ್ರೀಮ್ ತಂದು ಒಳಗಿಡಿ. ಬೆಳಿಗ್ಗೆ ತೆಗೆದ ಕೂಡಲೇ ಚಮಚ ಸಲೀಸಾಗಿ ಇಳಿದರೆ ನಿಮ್ಮ ಫ್ರೀಜರ್ ಅಷ್ಟು ತಣ್ಣಗಿಲ್ಲ ಎಂದೇ ತಿಳಿಯಿರಿ. ನಾಬ್ ಅನ್ನು ಹೆಚ್ಚು ತಂಪಿನ ಕಡೆಗೆ ಕೊನೆಯವರೆಗೆ ತಿರುಗಿಸಿ, ಗೋಡೆಗೆ ಕಟ್ಟಿರುವ ಹಿಮ ಕರಗಿಸಿ ಒರೆಸಿ, ಬಟಾಣಿ ಪ್ಯಾಕೆಟ್, ತೆಂಗಿನತುರಿ ಡಬ್ಬಿ ಎಲ್ಲ ಹೊರಗೆ ಹಾಕಿ. ಕೇಕ್ ಟಿನ್ ಒಳಗೆ ಹಿಡಿಸುತ್ತದೆಯೇ ಎಂದು ಮೊದಲೇ ಇಟ್ಟು ನೋಡಿ. ಕೇಕ್ ಕಟ್ಟಿ ಮುಗಿಸಿದ ಮೇಲೆ ಫ್ರೀಜರ್ ಬಾಗಿಲು ಮುಚ್ಚುವುದಿಲ್ಲ ಅಂತ ಗೊತ್ತಾಗುವವರು ಬಹಳ ಮಂದಿ.

ಈಗ ಸ್ಪಂಜ್. ಬೆಣ್ಣೆ ಫ್ರಿಜ್‌ನಲ್ಲಿಟ್ಟರೇ ಗಟ್ಟಿಯಾಗುತ್ತದೆ, ಇನ್ನು ಫ್ರೀಜರ್‌ನಲ್ಲಿ ಕೇಳಬೇಕೆ? ಅದರ ಬದಲು ಸೂರ್ಯಕಾಂತಿ ಎಣ್ಣೆ ಹಾಕಿ. 18 ಸೆಂಟಿಮೀಟರ್ ಅಗಲದ ದುಂಡು ಟಿನ್ನಿಗೆ ಮೈದಾ 125 ಗ್ರಾಂ, ಸಕ್ಕರೆ 100 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 160 ಮಿಲಿ, ಎಣ್ಣೆ 80 ಮಿಲಿ, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚಕ್ಕಿಂತ ತುಸು ಹೆಚ್ಚು, ವೆನಿಲ್ಲಾ ಎಸೆನ್ಸ್ ಅರ್ಧ ಟೀ ಚಮಚ. ಚಾಕೊಲೇಟ್ ಸ್ಪಂಜ್ ಬೇಕಿದ್ದರೆ ಎರಡು ದೊಡ್ಡ ಚಮಚ ಮೈದಾ ತೆಗೆದು ಅಷ್ಟೇ ಕೋಕೋ ಹಾಕಿ. ಮೊಸರಿನಲ್ಲಿ ಸಕ್ಕರೆ ಪೂರ್ತಿ ಕರಗಲಿ. ಆಮೇಲೆ ಬೇಕಿಂಗ್ ಪೌಡರ್, ಸೋಡಾ ಹಾಕಿ ನೊರೆ ಬರುವವರೆಗೆ ಐದು ನಿಮಿಷ ಬಿಡಿ, ಎಣ್ಣೆ ಮತ್ತು ಎಸೆನ್ಸ್ ಸೇರಿಸಿ, ಕೊನೆಗೆ ಮೈದಾವನ್ನು ಎರಡು ಸಲಕ್ಕೆ ಜರಡಿ ಹಿಡಿದು ಬೆರೆಸಿ. ಹಿಟ್ಟು ಕಾಣದಾದ ಕೂಡಲೇ ಕೈ ನಿಲ್ಲಿಸಿ. ಹೆಚ್ಚು ಕಲಸಿದರೆ ಸ್ಪಂಜ್ ಜಿಗುಟಾಗುತ್ತದೆ.

ಕುಕ್ಕರಿನ ಗ್ಯಾಸ್ಕೆಟ್ ಮತ್ತು ವಿಸಿಲ್ ತೆಗೆದಿಡಿ. ತಳಕ್ಕೆ ಒಂದೂವರೆ ಲೋಟ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ನೀರು ಹಾಕಬಾರದು. ಟಿನ್ ಇಟ್ಟ ಮೇಲೆ ಸಣ್ಣ ಉರಿಯಲ್ಲಿ 35ರಿಂದ 45 ನಿಮಿಷ. ಟಿನ್ನಿನ ಸುತ್ತ ಒಂದು ಬೆರಳಷ್ಟು ಜಾಗ ಇರಬೇಕು. ನಿಮ್ಮ ಕುಕ್ಕರಿನ ಬಾಯಿ ಕಿರಿದಾಗಿದ್ದರೆ ಮುಚ್ಚಳವಿರುವ ದಪ್ಪ ತಳದ ಪಾತ್ರೆಯೂ ಆದೀತು. ಪೂರ್ತಿ ಆರಿದ ಮೇಲೆ ಉಬ್ಬಿದ ತಲೆಯನ್ನು ಕತ್ತರಿಸಿ ಸಮ ಮಾಡಿ, ಅಡ್ಡಲಾಗಿ ಸೀಳಿ ಎರಡು ಬಿಲ್ಲೆ ಮಾಡಿ. ಒಂದೊಂದೂ ಒಂದೂವರೆ ಸೆಂಟಿಮೀಟರ್ ದಾಟಬಾರದು.

ಬಿಲ್ಲೆಗಳಿಗೆ ಸಕ್ಕರೆ ಪಾಕ ಸವರಲೇಬೇಕು: 50 ಗ್ರಾಂ ಸಕ್ಕರೆ, 50 ಮಿಲಿ ನೀರು, ಒಂದು ಕುದಿ ಬರಿಸಿ ಆರಿಸಿದರೆ ಸಾಕು. ಸಕ್ಕರೆ ಹೆಚ್ಚಿರುವ ನೀರು ಪೂರ್ತಿ ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಸ್ಪಂಜ್ ಮೆತ್ತಗೇ ಉಳಿಯುತ್ತದೆ. ಬರೀ ಹಾಲು ಚಿಮುಕಿಸುವವರಿದ್ದಾರೆ. ಅದು ಸ್ಪಂಜಿನೊಳಗೆ ಮಂಜುಗಡ್ಡೆಯೇ ಆಗುತ್ತದೆ.

ಐಸ್‌ಕ್ರೀಮ್ ತರಿತರಿಯಾಗಲು ಮುಖ್ಯ ಕಾರಣ, ಅದನ್ನು ಕರಗಿಸಿದ್ದೀರಿ. ಕಾರ್ಖಾನೆಯಲ್ಲಿ ತೀರಾ ತಣ್ಣನೆಯ ಗಾಳಿಯಲ್ಲಿ ಬೇಗ ಗಟ್ಟಿಗೊಳಿಸುವುದರಿಂದ ಅದರ ಹರಳುಗಳು ನಾಲಿಗೆಗೆ ತಿಳಿಯದಷ್ಟು ಸಣ್ಣವು. ಒಮ್ಮೆ ನೀರಾದದ್ದು ಮನೆಯ ಫ್ರೀಜರ್‌ನಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ, ಹರಳು ದಪ್ಪವಾಗುತ್ತದೆ. ಜೊತೆಗೆ ಒಳಗಿನ ಗಾಳಿಯೂ ಹೋಗುತ್ತದೆ. ಭಾರತದ ಆಹಾರ ನಿಯಮದ ಪ್ರಕಾರ ಐಸ್‌ಕ್ರೀಮ್ ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕು, ಹಾಲಿನ ಕೊಬ್ಬು ಶೇಕಡಾ 10ಕ್ಕೆ ಕಡಿಮೆ ಇರಬಾರದು. ಅಂದರೆ ಒಂದು ಲೀಟರ್ ಡಬ್ಬಿಯಲ್ಲಿ ಅರ್ಧದ ಹತ್ತಿರ ಗಾಳಿಯೇ ಇರಬಹುದು. ಕರಗಿಸಿದಾಗ ಡಬ್ಬಿ ಅರ್ಧಕ್ಕೆ ಇಳಿಯುವುದು ಇದಕ್ಕೇ. ಕೊಳ್ಳುವಾಗ ಕೈಗೆ ಭಾರ ಎನಿಸುವ ಪ್ಯಾಕ್ ಆರಿಸಿ. ‘ಫ್ರೋಜನ್ ಡೆಸರ್ಟ್’ ಎಂದು ಬರೆದಿದ್ದರೆ ಅದರಲ್ಲಿ ಸಸ್ಯಜನ್ಯ ಎಣ್ಣೆಯ ಕೊಬ್ಬಿರುತ್ತದೆ. ಕೇಕಿಗೆ ಅದೇನೂ ಕೆಡುಕಲ್ಲ, ಆದರೆ ರುಚಿಯಲ್ಲಿ ನಾನು ಐಸ್‌ಕ್ರೀಮಿಗೇ ಮತ ಹಾಕುತ್ತೇನೆ.

ಒಂದು ಲೀಟರ್ ಐಸ್‌ಕ್ರೀಮ್ ಈ ಟಿನ್ನಿನಲ್ಲಿ ಹೆಚ್ಚುಕಡಿಮೆ 4 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಕಲಕುವಾಗ ತುಸು ಇಳಿಯುವುದರಿಂದ ಒಂದೂಕಾಲು ಲೀಟರ್ ಇಟ್ಟುಕೊಳ್ಳಿ. ಡಬ್ಬಿಯನ್ನು ಅಡುಗೆಮನೆ ಕಟ್ಟೆಯ ಮೇಲಲ್ಲ, ಫ್ರಿಜ್‌ನ ಕೆಳಭಾಗದಲ್ಲಿ 20ರಿಂದ 30 ನಿಮಿಷ ಇಡಿ. ಕಟ್ಟೆಯ ಮೇಲಿಟ್ಟರೆ ಅಂಚು ನೀರಾದರೂ ನಡು ಗಟ್ಟಿಯಾಗೇ ಇರುತ್ತದೆ. ಶ್ರೀಖಂಡದ ಹದಕ್ಕೆ ಬಂದರೆ ಸರಿ. ಸುರಿದರೆ ಹರಿಯುವಂತಾದರೆ ಕೇಕಿಗೆ ಬಳಸಬೇಡಿ, ಮಿಲ್ಕ್‌ಶೇಕ್ ಮಾಡಿ ಕುಡಿಯಿರಿ.

ಟಿನ್ನಿನ ಒಳಗೆ ಕ್ಲಿಂಗ್ ಫಿಲ್ಮ್ (ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ) ಹಾಸಿ, ನಾಲ್ಕೂ ಕಡೆ ಹೊರಗೆ ಇಳಿಬಿಡಿ. ತಳ ಬಿಚ್ಚುವ ಟಿನ್ ಇಲ್ಲದಿದ್ದರೂ ಈ ಅಂಚು ಹಿಡಿದೇ ಕೇಕನ್ನು ಮೇಲೆತ್ತಬಹುದು. ತಳಕ್ಕೆ ಒಂದು ಬಿಲ್ಲೆ ಹಾಕಿ ಟಿನ್ನನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಬೆಚ್ಚಗಿನ ಸ್ಪಂಜಿನ ಮೇಲೆ ಐಸ್‌ಕ್ರೀಮ್ ಹಾಕಿದರೆ ತಳದಲ್ಲಿ ಕರಗಿ ಒಂದು ಗಾಜಿನಂಥ ಪದರ ಕಟ್ಟುತ್ತದೆ, ಕತ್ತರಿಸುವಾಗ ಕೇಕ್ ಅಲ್ಲೇ ಬೇರ್ಪಡುತ್ತದೆ. ಐಸ್‌ಕ್ರೀಮ್ ಹಾಕಿ ಚಮಚದ ಹಿಂಭಾಗದಿಂದ ಒತ್ತಿ ಗಾಳಿಗುಳ್ಳೆ ತೆಗೆಯಿರಿ, ಎರಡನೇ ಬಿಲ್ಲೆ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಅದುಮಿ, ಫಿಲ್ಮ್ ಮಡಿಸಿ ಮುಚ್ಚಿ. ಎರಡು ಬಗೆಯ ಐಸ್‌ಕ್ರೀಮ್ ಹಾಕುವುದಾದರೆ ಮೊದಲನೆಯದು ಬೆರಳಿಗೆ ಒತ್ತದಷ್ಟು ಬಿಗಿಯುವವರೆಗೆ, ಕನಿಷ್ಠ ಎರಡು ಗಂಟೆ, ಎರಡನೆಯದನ್ನು ಮುಟ್ಟಬೇಡಿ. ಪೂರ್ತಿ ಗಟ್ಟಿಯಾಗಲು ಸಿಂಗಲ್ ಡೋರ್‌ನಲ್ಲಿ ಒಂದು ರಾತ್ರಿ ಹಿಡಿಯುತ್ತದೆ. ಆ ರಾತ್ರಿ ಬೇರೆ ಯಾರೂ ಐಸ್ ಟ್ರೇಗೆ ಕೈ ಹಾಕದಿರಲಿ.

ಹಸಿ ಹಣ್ಣಿನ ಹೋಳು ಬೇಡ, ಹಲ್ಲಿಗೆ ಐಸ್ ತುಂಡು ಸಿಕ್ಕಂತಾಗುತ್ತದೆ. ಬಾದಾಮಿ ಅಥವಾ ರಸಪುರಿ ಮಾವು ಸಿಕ್ಕರೆ ಒಂದು ಲೋಟ ರಸಕ್ಕೆ ಕಾಲು ಲೋಟ ಸಕ್ಕರೆ ಹಾಕಿ, ಚಮಚಕ್ಕೆ ಅಂಟುವವರೆಗೆ ಕುದಿಸಿ ಆರಿಸಿ ಪದರದ ನಡುವೆ ಸವರಿ. ಹುರಿದ ಗೋಡಂಬಿ, ಪುಡಿ ಮಾಡಿದ ಚಾಕೊಲೇಟ್ ಬಿಸ್ಕತ್ತು ಯಾವತ್ತೂ ಕೈಕೊಡುವುದಿಲ್ಲ.

ಮೇಲಿನ ಹೊದಿಕೆಗೆ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್, ಸುಲಭ: 100 ಗ್ರಾಂ ಡಾರ್ಕ್ ಚಾಕೊಲೇಟ್, 100 ಮಿಲಿ ಅಮುಲ್ ಫ್ರೆಶ್ ಕ್ರೀಮ್. ಬೆರಳಿಟ್ಟರೆ ಬಿಸಿ ತಾಗಬಾರದು, ಆದರೆ ಇನ್ನೂ ಹರಿಯಬೇಕು. ಗಟ್ಟಿ ಕೇಕಿನ ಮೇಲೆ ಸುರಿದರೆ ನಿಮಿಷದೊಳಗೆ ಹಿಡಿದುಕೊಳ್ಳುತ್ತದೆ, ಆದ್ದರಿಂದ ಒಂದೇ ಸಲಕ್ಕೆ ಸುರಿದು ಟಿನ್ನನ್ನು ಓರೆ ಮಾಡಿ ಹರಡಿ. ಇದೇ ಫ್ರೆಶ್ ಕ್ರೀಮನ್ನು ಕಡೆದು ಐಸಿಂಗ್ ಮಾಡಲು ಹೋಗಬೇಡಿ. ಅದರಲ್ಲಿ ಕೊಬ್ಬು ಶೇಕಡಾ 25 ಮಾತ್ರ, ಗಟ್ಟಿ ನೊರೆ ನಿಲ್ಲುವುದಿಲ್ಲ. ಅದಕ್ಕೆ ವಿಪ್ಪಿಂಗ್ ಕ್ರೀಮೇ ಬೇಕು.

ಕತ್ತರಿಸುವ 20 ನಿಮಿಷ ಮೊದಲು ಫ್ರೀಜರ್‌ನಿಂದ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ. ಉದ್ದ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಒಂದೊಂದು ತುಂಡಿಗೂ ಹಾಗೇ ಮಾಡಿ. ಒರೆಸದಿದ್ದರೆ ಆ ನೀರೇ ಕೇಕಿನ ಮೇಲೆ ಹೆಪ್ಪುಗಟ್ಟುತ್ತದೆ. ಉಳಿದ ತುಂಡು ಇನ್ನೂ ಗಟ್ಟಿಯಾಗಿದ್ದಾಗಲೇ ಒಳಗಿಡಿ. ಕರಗಿ ಹರಿದದ್ದನ್ನು ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡುವುದು ಬೇಡ, ಹೊಟ್ಟೆ ಕೆಟ್ಟೀತು.

ಬೇರೆ ಮನೆಗೆ ಒಯ್ಯಬೇಕಿದ್ದರೆ ಥರ್ಮೋಕೋಲ್ ಪೆಟ್ಟಿಗೆ ತನ್ನಿ. ಒಂದು ಲೀಟರ್ ನೀರಿಗೆ 100 ಗ್ರಾಂ ಉಪ್ಪು ಕರಗಿಸಿ, ಮುಕ್ಕಾಲು ಭಾಗವಷ್ಟೇ ಬಾಟಲಿಗಳಿಗೆ ತುಂಬಿ ಎರಡು ದಿನ ಮೊದಲೇ ಫ್ರೀಜ್ ಮಾಡಿಡಿ. ಈ ಉಪ್ಪುನೀರಿನ ಗಡ್ಡೆ ಸುಮಾರು ಮೈನಸ್ 6 ಡಿಗ್ರಿ ತಲುಪುವಷ್ಟರಲ್ಲೇ ಪೂರ್ತಿ ಕರಗುತ್ತದೆ, ಸೊನ್ನೆಗಿಂತ ಕೆಳಗೇ ಶಾಖ ಹೀರುತ್ತದೆ, ಹಾಗಾಗಿ ಬರೀ ನೀರಿನ ಮಂಜುಗಡ್ಡೆಗಿಂತ ಕೇಕನ್ನು ಚೆನ್ನಾಗಿ ಕಾಯುತ್ತದೆ. ಕರೆಂಟ್ ಹೋಗುವ ಊರಾದರೆ ಇವೇ ಬಾಟಲಿಗಳನ್ನು ಫ್ರೀಜರ್‌ನಲ್ಲೂ ಕೇಕಿನ ಪಕ್ಕ ಇಟ್ಟಿರಿ.